ಐದನೆಯ ಕಾರ್ಡು

ನಾಲ್ಕನೆಯ ಗ್ರಾಫಿಕ್ಸ್ ಕಾರ್ಡೂ ಹೋಯಿತು ಎಂದು ಅಕ್ಕ ಫೋನಿನಲ್ಲಿ ಹೇಳಿದಾಗ, ಕೊಲೆಗಾರ ಯಾರೆಂಬುದರಲ್ಲಿ ಡಾಕ್ಟರಮ್ಮನಿಗೆ ಅನುಮಾನ ಉಳಿಯಲಿಲ್ಲ. ಭಾವನೇ.

ಡಾಕ್ಟರಮ್ಮ ಮನುಷ್ಯರ ಡಾಕ್ಟರಲ್ಲ. ಕಂಪ್ಯೂಟರ್ ರಿಪೇರಿಯಲ್ಲಿ ಅವಳ ಕೈಗುಣ ಕಂಡು ಗಿರಾಕಿಗಳು ಇಟ್ಟ ಹೆಸರದು. ಭಾವ ತನ್ನ ಕಂಪ್ಯೂಟರಿನಲ್ಲಿ ಆನೆಯೊಂದು ಸೈಕಲ್ ಕಲಿಯುವ ಕಾರ್ಟೂನ್ ಚಿತ್ರ ಮಾಡುತ್ತಿದ್ದ. ಮೂರು ವರ್ಷದಿಂದ ಮಾಡುತ್ತಲೇ ಇದ್ದ. ಶುಕ್ರವಾರ ಶಾಲೆಯೊಂದರಲ್ಲಿ ಮೊದಲ ಪ್ರದರ್ಶನ. ಮುನ್ನೂರು ಮಕ್ಕಳು ಬರುವವರಿದ್ದರು. ಆನೆ ಇನ್ನೂ ಸೈಕಲ್ ಹತ್ತಿರಲಿಲ್ಲ.

ಶುರುವಾದದ್ದು ಸಣ್ಣದಾಗಿ. ಸ್ಕ್ರೀನು ಆಗಾಗ ಕಪ್ಪಾಗುತ್ತದೆ ಎಂದು ತಿಂಗಳ ಹಿಂದೆ ಭಾವ ಹೇಳಿದ್ದ. ಡಾಕ್ಟರಮ್ಮ ಕಾರ್ಡು ಕಳಚಿ, ಅಂಗಡಿಗೆ ಒಯ್ದು, ಪರೀಕ್ಷೆಯ ಮೇಜಿನ ಮೇಲೆ ಓಡಿಸಿದಳು. ಅರ್ಧ ಗಂಟೆಗೆ ಅದು ಪೂರ್ತಿ ಕಣ್ಣು ಮುಚ್ಚಿತು. ಹೊಸದು ತರಿಸಿದಳು. ಪರೀಕ್ಷಿಸದೆ ಏನನ್ನೂ ಕೊಡುವವಳಲ್ಲ; ಇಡೀ ದಿನ ಓಡಿಸಿ ನೋಡಿಯೇ ಕೂರಿಸಿದಳು. ಎರಡು ದಿನ ಬದುಕಿತು. ಪವರ್ ಸಪ್ಲೈ ಮೇಲೆ ಗುಮಾನಿ ಬಂತು, ಬದಲಿಸಿದಳು. ಮೂರನೆಯದೂ ಹೋಯಿತು. ಮದರ್‌ಬೋರ್ಡನ್ನೇ ಬದಲಿಸಿದಳು. ಈಗ ನಾಲ್ಕನೆಯದು. ಆ ಕಂಪ್ಯೂಟರ್ ಪೆಟ್ಟಿಗೆಯೊಳಗೆ ಹಳೆಯದೆಂದು ಉಳಿದದ್ದು ಧೂಳು ಮಾತ್ರ.

ಕಾರ್ಡು ಸತ್ತಾಗಲೆಲ್ಲ ಭಾವ ಸೋಫಾದ ಮೇಲೆ ಕಾಲು ಚಾಚಿ ಸಿಳ್ಳೆ ಹಾಕುತ್ತಿದ್ದ. ಚಿತ್ರ ಮುಗಿದರೆ ಜನ ನೋಡುತ್ತಾರೆ, ನೋಡಿದರೆ ನಗುತ್ತಾರೆ. ಅದಕ್ಕೆ ಹೆದರಿ ಈ ಮನುಷ್ಯನೇ ಏನೋ ಕಿತಾಪತಿ ಮಾಡುತ್ತಿದ್ದಾನೆ ಎಂದು ಅವಳು ಲೆಕ್ಕ ಹಾಕಿದಳು. ಹಾಗಾಗಿ ನಾಲ್ಕನೆಯ ಸಲ ಯಾರಿಗೂ ಹೇಳದೆ ಪೆಟ್ಟಿಗೆಯ ಸ್ಕ್ರೂಗಳ ಮೇಲೆ ತೆಳು ಕಾಗದದ ಚೂರು ಅಂಟಿಸಿ ಬಂದಿದ್ದಳು.

ಹೋಗಿ ನೋಡಿದರೆ ಕಾಗದ ಒಂದಿಷ್ಟೂ ಹರಿದಿರಲಿಲ್ಲ.

ಆದರೂ ಬಾಯಿ ಸುಮ್ಮನಿರಬೇಕಲ್ಲ. "ಭಾವ, ನಿಜ ಹೇಳಿ. ನೀವೇ ಏನಾದ್ರೂ ಮಾಡಿದ್ರಾ?"

ಭಾವ ಪೆಚ್ಚಾಗಿ ನಕ್ಕ. ತಾನು ಸಿಳ್ಳೆ ಹಾಕುತ್ತಿದ್ದದ್ದು ಆನೆಯ ಹಾಡು, ಚಿತ್ರದ ಕೊನೆಗೆ ಬೇಕು ಎಂದ. ಅಕ್ಕ ನಗಲಿಲ್ಲ.

"ಮೂರು ವರ್ಷ ಮಗು ಥರ ಸಾಕಿದ್ದನ್ನ ಅವರೇ ಕತ್ತು ಹಿಸುಕ್ತಾರಾ? ಗೊತ್ತಾಗ್ಲಿಲ್ಲ ಅಂದ್ರೆ ಗೊತ್ತಾಗ್ಲಿಲ್ಲ ಅನ್ನೇ."

ಗುರುವಾರ ಬೆಳಿಗ್ಗೆ ಐದನೆಯ ಕಾರ್ಡು ಬಂತು. ಪರೀಕ್ಷೆಗೆ ಸಮಯವಿರಲಿಲ್ಲ, ಒಡೆಯದ ಡಬ್ಬಿಯನ್ನೇ ಹಿಡಿದು ಡಾಕ್ಟರಮ್ಮ ನೇರ ಭಾವನ ಮನೆಗೆ ಓಡಿದಳು. ಕೂರಿಸುವಾಗ ಭಾವ, ಸ್ಕ್ರೀನಿನ ವೈರು ಮೊದಲಿನಿಂದಲೂ ಸಡಿಲವೇ ಇದ್ದಂತಿದೆ ಎನ್ನುತ್ತ ಅದನ್ನು ಒತ್ತಿ ಗಟ್ಟಿ ಮಾಡಿದ. ಕಾರ್ಡು ಕೆಮ್ಮಲೂ ಇಲ್ಲ. ಭಾವ ರಾತ್ರಿಯಿಡೀ ಕೂತು ಚಿತ್ರ ಮುಗಿಸಿದ. ಶುಕ್ರವಾರ ಆನೆ ಸೈಕಲ್ ಹತ್ತಿತು, ಬಿತ್ತು, ಮತ್ತೆ ಹತ್ತಿತು. ಮುನ್ನೂರು ಮಕ್ಕಳು ಕಿರುಚಿದ ಕಿರುಚಾಟಕ್ಕೆ ಭಾವನ ಕಣ್ಣು ತುಂಬಿತು. ಅಕ್ಕ ಮಾತ್ರ ತಂಗಿಯ ಪಕ್ಕದಲ್ಲೇ ಕುಳಿತು ಮುಖ ಆಚೆ ತಿರುಗಿಸಿಕೊಂಡಿದ್ದಳು.

ಅಂಥದೇ ಕಾರ್ಡು, ಅದೇ ಮನೆ, ಅದೇ ಪೆಟ್ಟಿಗೆ. ಇದು ಹೇಗೆ ಬದುಕಿತು? ಶನಿವಾರ ಅಂಗಡಿ ತೆರೆದವಳಿಗೆ ಬೇರೆ ಕೆಲಸಕ್ಕೆ ಕೈ ಏಳಲಿಲ್ಲ. ಕೊನೆಗೆ ತನ್ನ ಪರೀಕ್ಷೆಯ ಮೇಜಿನಿಂದ ಕಾರ್ಡಿಗೆ ಕರೆಂಟು ಕೊಡುವ ತಂತಿಗೆ ಮೀಟರು ಹಿಡಿದಳು. ಹನ್ನೆರಡು ವೋಲ್ಟ್ ಇರಬೇಕಾದಲ್ಲಿ ಹದಿನೈದು. ಐದನೆಯದೊಂದೇ ಈ ಮೇಜು ಹತ್ತಿರಲಿಲ್ಲ. ಮೀಟರು ಕೆಳಗಿಟ್ಟು ಫೋನ್ ಎತ್ತಿದಳು.

"ಅಕ್ಕಾ, ಭಾವನಿಗೆ ಹೇಳು. ನಾಲ್ಕೂ ಕಾರ್ಡು ಕೊಂದೋರು ಸಿಕ್ಕಿದ್ರು. ನಾನೇ."