ಓದಿಗೆ ತಕ್ಕ ಗಂಡು

ಹುಡುಗ ಸುಳ್ಳುಗಾರ ಎಂದು ಗೊತ್ತಾದ ಮೂರನೆಯ ದಿನ ಚಿನ್ನಯ್ಯ ಮೂಡುಬಿದಿರೆಯ ಬಸ್ಸು ಹತ್ತಿದರು. ಮೆಲ್ಕಾರಿನಲ್ಲಿ ಅವರದೊಂದು ಹೋಟೆಲು. ಬೆಳಗಿನ ಗಿರಾಕಿಗಳನ್ನು ಅಡುಗೆಯವರ ತಲೆಗೆ ಕಟ್ಟಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೊರಟಿದ್ದರು. ಕಾಲೇಜಿನ ಕಚೇರಿಯಿಂದ ಒಂದು ಕಾಗದ ಬರೆಸಿಕೊಳ್ಳಬೇಕಿತ್ತು: ಶೋಧನ್ ಎಂಬವನು ಇಲ್ಲಿ ಎಂ.ಕಾಂ. ಓದಿಲ್ಲ. ಅಷ್ಟೇ. ಭಾನುವಾರ ನಿಶ್ಚಿತಾರ್ಥಕ್ಕೆ ಬರುವ ಬೀಗರ ಮುಖಕ್ಕೆ ಅದನ್ನು ಹಿಡಿದು, ಬಂದ ದಾರಿಯಲ್ಲೇ ಕಳಿಸುವುದು ಅವರ ಯೋಚನೆ.

ಸ್ವತಃ ಚಿನ್ನಯ್ಯ ಏಳನೆಯ ತರಗತಿಯ ಆಚೆಗೆ ಹೋದವರಲ್ಲ. ಮಗಳು ಸಾತ್ವಿಕಾ ಮಾತ್ರ ಮೂಡುಬಿದಿರೆಯ ಆ ಕಾಲೇಜಿನಲ್ಲೇ ಫೈನಾನ್ಸ್ ತೆಗೆದುಕೊಂಡು ಎಂ.ಕಾಂ. ಎರಡನೆಯ ವರ್ಷ. ಹೋಟೆಲಿಗೆ ಚಹಾ ಕುಡಿಯಲು ಬಂದವರಿಗೆಲ್ಲ ಈ ಸುದ್ದಿ ಪುಕ್ಕಟೆ ಸಿಗುತ್ತಿತ್ತು. ಇಂಟರ್ನಲ್ಸ್, ಸೆಮಿನಾರ್, ಪ್ರಾಜೆಕ್ಟ್ ಎಂಬ ಮಾತುಗಳು ಮಗಳಿಗಿಂತ ಹೆಚ್ಚು ಅಪ್ಪನ ಬಾಯಲ್ಲೇ ಓಡಾಡುತ್ತಿದ್ದವು. ಸಂಬಂಧ ಹೇಳಿಕೊಂಡು ಬಂದವರಿಗೆ ಅವರ ಷರತ್ತು ಒಂದೇ. ಜಾಗ ಬೇಡ, ಕಾರು ಬೇಡ, ಹುಡುಗ ನಮ್ಮ ಹುಡುಗಿಯಷ್ಟಾದರೂ ಓದಿರಬೇಕು. ಡಿಗ್ರಿಯಲ್ಲೇ ನಿಂತ ಎರಡು ಒಳ್ಳೆಯ ಸಂಬಂಧಗಳನ್ನು ಬಾಗಿಲಿನಿಂದಲೇ ಕಳಿಸಿದ್ದರು.

ಬೆಳ್ತಂಗಡಿಯ ಶೋಧನ್ ಹಾಗೆ ಸಿಕ್ಕವನು. ಅದೇ ಕಾಲೇಜು, ಅದೇ ಫೈನಾನ್ಸ್, ಮೂರು ವರ್ಷ ಹಿಂದೆ ಮುಗಿಸಿದನಂತೆ. ಈಗ ಮಂಗಳೂರಿನಲ್ಲಿ ಕೆಲಸ. ಹುಡುಗಿ ನೋಡಲು ಬಂದ ದಿನ ಚಿನ್ನಯ್ಯನವರ ಪಕ್ಕದಲ್ಲೇ ಕುಳಿತು ಎರಡು ಗೋಳಿಬಜೆ ಹೆಚ್ಚಿಗೆ ತಿಂದ, ಬಾಯಿತುಂಬ "ಮಾವ" ಎಂದು ಕರೆದ. ಅವರಿಗೆ ಹುಡುಗ ಅಲ್ಲೇ ಹಿಡಿಸಿಬಿಟ್ಟ.

"ಈಗ ಸೆಕ್ಯುರಿಟಿ ಅನಾಲಿಸಿಸ್ ಯಾರು ತೆಗೊಳ್ತಾರೆ?" ಎಂದು ಅವನು ಸಾತ್ವಿಕಾಳನ್ನು ಕೇಳಿದ್ದ. "ನಮಗಿದ್ದ ಸರ್ ಭಾರೀ ಜೋರು. ಅವರೇ ಇದ್ದಾರಾ?"

ಸಾತ್ವಿಕಾ ತಲೆ ತಗ್ಗಿಸಿ, ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಹುಡುಗಿಗೆ ನಾಚಿಕೆ ಎಂದು ಎಲ್ಲರೂ ನಕ್ಕರು.

ಮರುದಿನ ಸಂಜೆ ಕಾಲೇಜಿನಿಂದ ಬಂದವಳು ಚೀಲ ಇಳಿಸುವ ಮೊದಲೇ ಹೇಳಿದಳು: "ಅಪ್ಪ, ಆ ಹುಡುಗ ಹೇಳಿದ್ದೆಲ್ಲ ಸುಳ್ಳು. ಆಫೀಸಿನಲ್ಲಿ ಕೇಳಿದೆ. ಆ ಹೆಸರಿನವರು ಅಲ್ಲಿ ಓದಲೇ ಇಲ್ಲವಂತೆ."

ಚಿನ್ನಯ್ಯನವರಿಗೆ ಕಪಾಳಕ್ಕೆ ಹೊಡೆಸಿಕೊಂಡ ಹಾಗಾಯಿತು. ತಮ್ಮ ಮನೆಯಲ್ಲೇ ಕುಳಿತು, ತಮ್ಮದೇ ಗೋಳಿಬಜೆ ತಿಂದು, ಕಿವಿಗೆ ಹೂ ಇಟ್ಟು ಹೋದನಲ್ಲ! ಪಾಠದ ಮಾತು ತೆಗೆದದ್ದೂ ನಂಬಿಸುವುದಕ್ಕೇ ಇರಬೇಕು. ಮನಸ್ಸಿಟ್ಟು ನಂಬಿದ್ದರು. ಅದಕ್ಕೇ ಅಷ್ಟು ಹೊಟ್ಟೆ ಉರಿಯಿತು.

"ಒಮ್ಮೆ ಹುಡುಗನ ಹತ್ರವೇ ಕೇಳಿ ನೋಡುವ," ಎಂದರು ಹೆಂಡತಿ ಕಾಂತಿ.

"ಸುಳ್ಳು ಹೇಳಿದವನ ಹತ್ರ ಎಂತ ಕೇಳುವುದು ಮಾರಾಯ್ತಿ? ಕಾಲೇಜಿಗೇ ಹೋಗಿ ಬರೆಸಿ ತರ್ತೇನೆ."

"ನೀವು ಅಲ್ಲಿಗೆ ಬರುವುದು ಬೇಡ ಅಪ್ಪ." ಸಾತ್ವಿಕಾ ಅತ್ತೇಬಿಟ್ಟಳು. "ಕ್ಲಾಸಿನವರಿಗೆಲ್ಲ ಗೊತ್ತಾದರೆ ನಾನು ಹೇಗೆ ಮುಖ ತೋರಿಸುವುದು? ಈ ಸಂಬಂಧ ಬೇಡ ಅಂತ ಫೋನಿನಲ್ಲೇ ಹೇಳಿಬಿಡಿ."

ಮಗಳ ಕಣ್ಣೀರು ನೋಡಿ ಅವರ ಸಿಟ್ಟು ಇಮ್ಮಡಿಯಾಯಿತು. ಅವಳಿಗೆ ತಿಳಿಸದೆ ಹೋಗಿಬರುವುದೆಂದು ಅಲ್ಲೇ ತೀರ್ಮಾನಿಸಿದರು.

ಬಸ್ಸು ಸಿದ್ಧಕಟ್ಟೆ ದಾಟುವಾಗ ಸೊಂಟ ಹಿಡಿದುಕೊಂಡಿತು. ದಿನಾ ಬೆಳಿಗ್ಗೆ ಏಳೂವರೆಗೆ ಹೊರಟು, ಒಂದೂವರೆ ವರ್ಷದಿಂದ ಈ ತಿರುವುಗಳಲ್ಲಿ ಮಗಳು ಹೇಗೆ ಓಡಾಡುತ್ತಾಳಪ್ಪ ಎಂದು ಅವರಿಗೆ ಪಾಪ ಅನ್ನಿಸಿತು.

ಕಚೇರಿಯ ಗುಮಾಸ್ತರು ಜಯಪ್ರಕಾಶ್. ಚಿನ್ನಯ್ಯ ಹೇಳಿದ್ದನ್ನು ತಾಳ್ಮೆಯಿಂದ ಕೇಳಿದರು.

"ಓದಿದ್ದಾರೆ ಅಂತ ಬರೆದು ಕೊಡುವ ಕ್ರಮ ಉಂಟು. ಓದಲಿಲ್ಲ ಅಂತ ಕೊಡುವ ಕ್ರಮ ಇಲ್ಲ. ಯಾರು, ಬೆಳ್ತಂಗಡಿಯ ಶೋಧನ್ ಅಂದ್ರಾ? ನೀವೊಮ್ಮೆ ಹಿಂದೆ ತಿರುಗಿ."

ಹಿಂದಿನ ಗೋಡೆಯ ಮೇಲೆ ಸಾಲು ಫೋಟೊಗಳು. ಮೂರನೆಯದರಲ್ಲಿ ಶೋಧನ್ ನಗುತ್ತಿದ್ದ. ಎಂ.ಕಾಂ., ವಿಶ್ವವಿದ್ಯಾಲಯಕ್ಕೆ ಎರಡನೆಯ ಸ್ಥಾನ.

ಚಿನ್ನಯ್ಯ ಅಲ್ಲೇ ಇದ್ದ ಬೆಂಚಿನ ಮೇಲೆ ಕುಳಿತರು. ನಾಚಿಕೆಯೂ ಆಯಿತು, ಕುಣಿಯುವಷ್ಟು ಸಂತೋಷವೂ ಆಯಿತು. ಛೆ, ಚಿನ್ನದಂಥ ಹುಡುಗನನ್ನು ಕೈಯಾರೆ ಕಳೆದುಕೊಳ್ಳುತ್ತಿದ್ದರಲ್ಲ! ಮಗಳು ಯಾರೋ ಹೊಸಬರ ಹತ್ತಿರ ಕೇಳಿರಬೇಕು. ಅವಳಿಗೆ ಬೈಯುವುದು ಬೇಡ. ಇಲ್ಲಿಗೆ ಕರೆಸಿ ಈ ಫೋಟೊದ ಮುಂದೆ ನಿಲ್ಲಿಸಿದರೆ ಸಾಕು. ಆಮೇಲೆ ಇಬ್ಬರೂ ಎಲ್ಲಾದರೂ ಒಳ್ಳೆಯ ಊಟ ಮಾಡುವುದು. ಅವರು ಫೋನು ತೆಗೆದರು.

"ಎಲ್ಲಿದ್ದೀ ಮಗಾ?"

"ಕ್ಲಾಸಿನಲ್ಲಿ ಅಪ್ಪ," ಸಾತ್ವಿಕಾ ಪಿಸುಗುಟ್ಟಿದಳು. "ಸರ್ ಬಂದ್ರು. ಇಡ್ತೇನೆ."

ಚಿನ್ನಯ್ಯನವರಿಗೆ ನಗು ತಡೆಯಲಾಗಲಿಲ್ಲ. ಅಪ್ಪ ಇಲ್ಲೇ ಕಚೇರಿಯಲ್ಲಿ ಕುಳಿತದ್ದು ಅವಳಿಗೇನು ಗೊತ್ತು! ಎದ್ದು ಮತ್ತೆ ಜಯಪ್ರಕಾಶರ ಮೇಜಿನ ಹತ್ತಿರ ಹೋದರು.

"ಎಂ.ಕಾಂ. ಎರಡನೇ ವರ್ಷದ ಕ್ಲಾಸು ಯಾವ ಕಡೆ? ಫೈನಾನ್ಸಿನಲ್ಲಿ ನನ್ನ ಮಗಳಿದ್ದಾಳೆ. ಸಾತ್ವಿಕಾ ಅಂತ, ಮೆಲ್ಕಾರಿನವಳು."

ಜಯಪ್ರಕಾಶ್ ಕಂಪ್ಯೂಟರಿನಲ್ಲಿ ಹುಡುಕಿದರು. ಇನ್ನೊಮ್ಮೆ ಹೆಸರು ಕೇಳಿ ಹುಡುಕಿದರು. ಬಳಿಕ ಎದ್ದು ಕಪಾಟಿನಿಂದ ಒಂದು ಫೈಲು ತಂದು, ಹಾಳೆ ಮಗುಚಿ, ಅವರ ಮುಂದೆ ತಿರುಗಿಸಿ ಇಟ್ಟರು.

"ಸಾತ್ವಿಕಾ ಮೊದಲನೇ ವರ್ಷದ ದೀಪಾವಳಿಗೆ ಮೊದಲೇ ಸೀಟು ಬಿಟ್ಟು ಹೋಗಿದ್ದಾರಲ್ಲ, ಒಪ್ಪಿಗೆ ಉಂಟು ಅಂತ ಇಲ್ಲಿ ತಂದೆಯ ಸಹಿಯೂ ಉಂಟು, ನೀವೇ ಹಾಕಿದ್ದಲ್ವಾ?"