ಮಹಾಲಿಂಗನ ಬೆನ್ನುಮೂಳೆ

ಏಳನೆಯ ಸಲವೂ ಅಣ್ಣ ಫೋನ್ ಎತ್ತಲಿಲ್ಲ. ಮಹಾಲಿಂಗ ಮತ್ತೆ ಒತ್ತಿದ.

ಚಾಮರಾಜನಗರದ ಆ ಆಸ್ಪತ್ರೆಗೆ ಬೆನ್ನುಮೂಳೆ ತಜ್ಞರು ಬರುವುದು ವಾರಕ್ಕೊಂದೇ ದಿನ. ಅವನ ಟೋಕನ್ ಹತ್ತೊಂಬತ್ತು. ಒಳಗಿದ್ದದ್ದು ಇನ್ನೂ ಹನ್ನೊಂದು. ಹೆಂಡತಿ ಪ್ರಿಯಾಂಕ ಸ್ಕ್ಯಾನಿನ ದೊಡ್ಡ ಕವರನ್ನು ಮಡಿಲಲ್ಲಿಟ್ಟುಕೊಂಡು, ವರದಿಯ ಇಂಗ್ಲಿಷನ್ನು ಮೊಬೈಲಿಗೆ ತೋರಿಸಿ ಕನ್ನಡ ಮಾಡಿಸಿಕೊಳ್ಳುತ್ತಿದ್ದಳು. ಡಾಕ್ಟರು ಹೇಳುವವರೆಗೆ ಕಾಯುವ ಜಾಯಮಾನ ಅವಳದಲ್ಲ. ಸೊಂಟದ ಡಿಸ್ಕ್ ಜಾರಿದೆ, ನರವನ್ನು ಒತ್ತುತ್ತಿದೆ, ತೀವ್ರ. ಭಾರ ಎತ್ತಿದರೆ ಕಾಲಿನ ಸ್ವಾಧೀನವೇ ತಪ್ಪಬಹುದು ಎಂದು ಮೊಬೈಲು ತನ್ನ ಕಡೆಯಿಂದಲೂ ಒಂದು ಮಾತು ಸೇರಿಸಿತು.

ಹೆದರಿದವನ ಮೇಲೆ ಹಾವೆಸೆದ ಹಾಗಾಯಿತು. ಮಹಾಲಿಂಗ ಬೆಂಚಿನಿಂದ ಚಂಗನೆ ಎದ್ದ. ಮೆಲ್ಲಗೆ ಏಳಬಾರದೇ ಎಂದು ಅವಳು ಗದರಿದಳು.

ಅವನೂ ಅಣ್ಣ ಮಾದಣ್ಣನೂ ಗುಂಡ್ಲುಪೇಟೆಯಲ್ಲಿ ಹದಿನೈದು ವರ್ಷದಿಂದ ಜೋಡಿ ಹಮಾಲರು. ಕೇರಳಕ್ಕೆ ಹೋಗುವ ಲಾರಿಗಳಿಗೆ ಈರುಳ್ಳಿ ಮೂಟೆ ತುಂಬುವ ಕೆಲಸ. ಜೋಡಿಯಲ್ಲಿ ಒಬ್ಬ ಮಲಗಿದರೆ ಅವನ ಪಾಲನ್ನೂ ಇನ್ನೊಬ್ಬ ಹೊರಬೇಕು. ಇಲ್ಲದಿದ್ದರೆ ಆ ಜಾಗಕ್ಕೆ ಬೇರೆ ಆಳು ಬರುತ್ತಾನೆ. ತಮ್ಮನಿಗೆ ಸೊಂಟ ಹಿಡಿದ ಈ ಒಂದು ತಿಂಗಳಿಂದ ಮಾದಣ್ಣ ಎರಡೂ ಪಾಲು ಹೊರುತ್ತಿದ್ದ. ಮೊನ್ನೆ ಒಂದು ದಿನದ ಕೆಲಸ ಬಿಟ್ಟು ಸ್ಕ್ಯಾನಿಗೆ ಜೊತೆಗೆ ಬಂದವನೂ ಅವನೇ. ನೋವು ಗೀವು ಎಂದು ಬಾಯಿಬಿಡುವ ಜೀವವಲ್ಲ ಅದು.

ಮಹಾಲಿಂಗ ಮೇಸ್ತ್ರಿ ಸೋಮಯ್ಯನಿಗೆ ಫೋನ್ ಮಾಡಿ, ಅಣ್ಣನಿಗೆ ಕೊಡು ಎಂದ.

“ಲಾರಿ ಮ್ಯಾಲವ್ನೆ ಕಣ್ಲಾ. ಇನ್ನೂ ನೂರು ಮೂಟೆ ಅದೆ. ನಿನ್ ಪಾಲ್ದೂ ಅವ್ನೇ ಎತ್ತಾವ್ನೆ. ನೀನು ನಿನ್ ಬೆನ್ನು ನೋಡ್ಕೊ.”

“ಸಾಕು ಅನ್ನು ಮೇಸ್ತ್ರಿ. ಕೆಳಗಿಳಿದು ಬುಡು ಅನ್ನು.”

ಮೇಸ್ತ್ರಿ ನಕ್ಕು ಫೋನಿಟ್ಟ. ಮಹಾಲಿಂಗನ ಕಣ್ಣು ತುಂಬಿತು. ತನ್ನ ಕಾಲೇ ಹೋಗುವ ಹೊತ್ತಿನಲ್ಲೂ ಅಣ್ಣನ ದಣಿವಿನ ಚಿಂತೆ ಮಾಡುವ ಗಂಡನ ಮೇಲೆ ಪ್ರಿಯಾಂಕಳಿಗೆ ಹೆಮ್ಮೆಯೂ ಸಿಟ್ಟೂ ಒಟ್ಟಿಗೇ ಬಂದವು.

ಹದಿಮೂರನೆಯವರನ್ನು ಕರೆದಾಗ ಅವನು ಯಾರ ಮಾತೂ ಕೇಳದೆ ಒಳಗೆ ನುಗ್ಗಿದ. ಸಾಲಿನಲ್ಲಿದ್ದವರು ಬೈದರು. ಪ್ರಿಯಾಂಕ ಎಲ್ಲರಿಗೂ ಕೈಮುಗಿಯುತ್ತ ಕವರು ಹಿಡಿದು ಹಿಂದೆ ಓಡಿದಳು.

ತಜ್ಞರು ಗದರಲಿಲ್ಲ. ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು, ಮುಖ ಗಂಭೀರವಾಯಿತು. ಅವನು ಬಾಯಿ ತೆರೆಯುವ ಮೊದಲೇ ಮಂಚದ ಮೇಲೆ ಮಲಗಿಸಿ, ಮೊಣಕಾಲು ಮಡಚದಂತೆ ಒಂದು ಕಾಲೆತ್ತಿದರು. ಸಲೀಸಾಗಿ ಮೇಲೆ ಬಂತು. ಇನ್ನೊಂದೂ ಬಂತು. ಮತ್ತೆ ಫಿಲ್ಮು ನೋಡಿದರು.

“ಈ ಸ್ಕ್ಯಾನ್ ಇರೋರಿಗೆ ಇಷ್ಟು ಕಾಲೆತ್ತೋಕೆ ಆಗಲ್ಲ. ಈ ಸ್ಕ್ಯಾನ್ ಯಾರದೋ ಅವರು ಇನ್ನು ಸ್ವಲ್ಪ ಭಾರವನ್ನೂ ಹೊರಬಾರದು,” ಎಂದರು.

ಮಹಾಲಿಂಗ ಎದ್ದು ಕೂತು ಕೈಮುಗಿದ. “ಆ ಸ್ಕ್ಯಾನ್ ಮಿಸನ್ ಒಳಿಕೆ ಉಸ್ರು ಕಟ್ಟಿ ನಾನು ಎದ್ದು ಬಂದ್ಬುಟ್ಟೆ ಸಾರ್. ಸಿಕ್ಕಿರೋ ಸರದಿ ಯಾಕ್ಲಾ ಬುಡನ, ಒಂದೇ ಒಟ್ಟೇಲಿ ಉಟ್ದೋರ ಮೂಳೆ ಒಂದೇ ತರ ಇರ್ತದೆ ಅಂದ್ಬುಟ್ಟು, ನನ್ ಎಸ್ರಲ್ಲಿ ನಮ್ಮಣ್ಣ ಮಲೀಕಂಡ.”