ಕಿಟಕಿ ಪರದೆ

ಪತ್ರವನ್ನು ಬೆಳಕಿಗೆ ಹಿಡಿದು ನೋಡಿದರೂ, ಸೆನ್ಸಾರಿನವರು ಬಳಿದ ಮಸಿಯ ಹಿಂದೆ ಜವಳಿ ಏಜೆಂಟರಿಗೆ ಒಂದಕ್ಷರವೂ ಕಾಣಲಿಲ್ಲ. ಬರೆದವನು ಅವರ ಭಾವಮೈದ, ಯುದ್ಧ ನಡೆಯುತ್ತಿರುವ ದೂರದೇಶದಲ್ಲಿ ರಾಯಭಾರಿ.

"ಯುದ್ಧ ಮುಗಿಯುತ್ತಂತಾ? ತಮ್ಮ ಏನಾದ್ರೂ ಬರೆದಿದ್ದಾನಾ?" ಹೆಂಡತಿ ಮಳಿಗೆಯ ಬಾಗಿಲಲ್ಲೇ ನಿಂತು ಕೇಳಿದಳು.

"ನಿನ್ನ ತಮ್ಮನಾ? ತಲೆ ಮೇಲೆ ಬಾಂಬ್ ಬಿದ್ರೂ 'ಕ್ಷೇಮ' ಅಂತಲೇ ಬರೆಯೋ ಆಸಾಮಿ." ಗೊಣಗುತ್ತಲೇ ಕೊನೆಯ ಸಾಲಿಗೆ ಬಂದರು. ಮಸಿ ತಾಗದೆ ಉಳಿದದ್ದು ಅದೊಂದೇ: ಕಿಟಕಿಗಳಿಗೆ ಪರದೆ ಬಟ್ಟೆ ಬೇಕಂತೆ. ರಾತ್ರಿ ದೀಪದ ಬೆಳಕು ವಿಮಾನಗಳ ಕಣ್ಣಿಗೆ ಬೀಳಬಾರದೆಂದು ಮೂರು ವರ್ಷದಿಂದ ದಟ್ಟ ಕಪ್ಪು ಬಟ್ಟೆಯನ್ನೇ ಕಳಿಸುತ್ತಿದ್ದರು. ಕಪ್ಪು ಥಾನಿನತ್ತ ಚಾಚಿದ ಕೈ ಅಲ್ಲೇ ನಿಂತಿತು. ಸಾಲನ್ನು ಇನ್ನೊಮ್ಮೆ ಓದಿದರು.

"ಸೆನ್ಸಾರಿನವರ ಕಣ್ಣಿಗೇ ಮಣ್ಣೆರಚಿದ್ದಾನಲ್ಲೇ ನಿನ್ನ ತಮ್ಮ! ನೋಡು, ಹದಿನೈದು ಗಜ ಕೇಳಿದ್ದಾನೆ. ಬಿಳೀದು, ತೆಳ್ಳನೇದು!"